ಮುಂದಿನ ವರ್ಷನ್ ನಮ್ಮ ಮಾತು ಕೇಳಿಸಿಕೊಳ್ಳಲಿ: ಬೀದರಿನ ಎಡಿಟಿಂಗ್ ಟೇಬಲ್‌ನಿಂದ ನನ್ನ ಅನುಭವ

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಎನ್‌ಎಬಿ ಅನ್ನುವ, ಟಿವಿ ಮತ್ತು ವಿಡಿಯೊ ಉದ್ಯಮದ ಮೇಳ ನಡೆಯುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ನ ಹೊಸ ವರ್ಷನ್ ಸುದ್ದಿ ಹೆಚ್ಚಾಗಿ ಹೊರಬೀಳುವುದು ಆ ಹೊತ್ತಿಗೇ. ಬೀದರಿನಲ್ಲಿ ಕೂತು ನಾನೂ ಅದನ್ನು ತಪ್ಪದೆ ನೋಡುತ್ತೇನೆ. ಹೊಸ ಎಫೆಕ್ಟ್, ಹೊಸ ಟ್ರಾನ್ಸಿಷನ್, ಮುಖ ಗುರುತಿಸುವ ಎಐ ಎಲ್ಲ ಇರುತ್ತವೆ. ನಾನು ಹುಡುಕುವುದು ಮಾತ್ರ ಒಂದೇ ಸಾಲು. ಮಾತನ್ನು ಬರಹ ಮಾಡುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಬಂತಾ ಅಂತ.

ಲಗ್ನದ ಸೀಸನ್‌ನಲ್ಲಿ ನಾನು ಮದುವೆ ವಿಡಿಯೊ ಮಾಡುತ್ತೇನೆ. ಮನೆ ನಡೆಯುವುದು ಅದರಿಂದ. ಉಳಿದ ದಿನಗಳಲ್ಲಿ ಸಣ್ಣ ಸಾಕ್ಷ್ಯಚಿತ್ರಗಳು. ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸಗಾರರು, ನೌಬಾದ್‌ನ ಕರೇಜ್ (ನೆಲದೊಳಗಿನ ಹಳೆಯ ನೀರಿನ ಸುರಂಗ), ಮಹಮೂದ್ ಗವಾನ್ ಮದರಸಾ, ತೊಗರಿ ಬೆಳೆಯುವ ರೈತರು, ಹೀಗೆ. 2023ರಲ್ಲಿ ನಮ್ಮೂರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆಮೇಲೆ ಬಿದ್ರಿ ಬಗ್ಗೆ ವಿಡಿಯೊ ಮಾಡಿಕೊಡಿ ಅಂತ ಕೇಳುವವರು ಜಾಸ್ತಿಯಾದರು. ಇಂಥ ವಿಡಿಯೊದ ಜೀವ ಇರುವುದು ಮಾತಿನಲ್ಲಿ. ಕೆಲಸಗಾರ ಉಳಿ ಹಿಡಿದು ಕೂತು ತನ್ನ ಪಾಡಿಗೆ ಹೇಳುತ್ತಾ ಹೋಗುತ್ತಾನೆ. ಅಪ್ಪ ಕಲಿಸಿದ್ದು, ಬೆಳ್ಳಿಯ ದರ, ಕೋಟೆಯ ಮಣ್ಣು, ಮಕ್ಕಳು ಈ ಕೆಲಸಕ್ಕೆ ಬರುತ್ತಾರೋ ಇಲ್ಲವೋ. ತಾಸುಗಟ್ಟಲೆ ಮಾತಿನಿಂದ ಎಂಟ್ಹತ್ತು ನಿಮಿಷ ತೆಗೆಯಬೇಕು.

ಆ ಮಾತು ಒಂದೇ ಭಾಷೆಯಲ್ಲೂ ಇರುವುದಿಲ್ಲ. ಬೀದರ್ ಅಂದರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲ ಓಡಾಡುವ ಊರು. ಕನ್ನಡದಲ್ಲಿ ಶುರುವಾದ ವಾಕ್ಯ ದಖನಿಯಲ್ಲಿ ಮುಗಿಯುತ್ತದೆ. ಕನ್ನಡವೂ ‘ಮಾಡ್ಲತ್ತೀನಿ’, ‘ಹೋಗ್ಲತ್ತಾರ’ ಅನ್ನುವ ನಮ್ಮ ಕಡೆಯ ಕನ್ನಡ. ಇದನ್ನು ಕಿವಿಯಿಂದ ಕೇಳಿ, ನಿಲ್ಲಿಸಿ, ಬರೆದು, ಮತ್ತೆ ಕೇಳಿ ಎಡಿಟ್ ಮಾಡುವುದರಲ್ಲೇ ವಾರಗಳು ಹೋಗುತ್ತವೆ.

ಬೇರೆ ಭಾಷೆಯ ಎಡಿಟರ್‌ಗಳಿಗೆ ಈ ಕಷ್ಟ ಈಗ ಕಡಿಮೆ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊಗೆ 2021ರಲ್ಲಿ, ಮಾತನ್ನು ಬರಹ ಮಾಡುವ ಸ್ಪೀಚ್ ಟು ಟೆಕ್ಸ್ಟ್ ಬಂತು. 2023ರಲ್ಲಿ ಇನ್ನೂ ಮುಂದೆ ಹೋಗಿ, ಬರಹದಲ್ಲಿ ಒಂದು ವಾಕ್ಯ ಅಳಿಸಿದರೆ ಟೈಮ್‌ಲೈನ್‌ನಲ್ಲಿ, ಅಂದರೆ ವಿಡಿಯೊ ತುಂಡುಗಳನ್ನು ಜೋಡಿಸುವ ಸಾಲಿನಲ್ಲಿ, ಆ ತುಂಡೂ ಹೋಗುವ ಹಾಗೆ ಮಾಡಿದರು. ಅದೇ ವರ್ಷ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ 18.5ರ ಸ್ಟುಡಿಯೊ ವರ್ಷನ್‌ನಲ್ಲೂ ಮಾತು ಬರಹವಾಗತೊಡಗಿತು. ಎಡಿಟಿಂಗ್‌ನಲ್ಲಿ ಇಷ್ಟು ವರ್ಷದಲ್ಲಿ ಬಂದ ಅತಿ ದೊಡ್ಡ ಬದಲಾವಣೆ ಇದೇ ಅಂತ ನನ್ನ ಅನಿಸಿಕೆ. ಹಿಂದಿಯಲ್ಲಿ ಕೆಲಸ ಮಾಡುವ ಗೆಳೆಯರು ಬೆಳಿಗ್ಗೆ ಫುಟೇಜ್ ಹಾಕಿ ಮಧ್ಯಾಹ್ನಕ್ಕೆ ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ತೋರಿಸುತ್ತಾರೆ. ನನ್ನ ಕಂಪ್ಯೂಟರ್‌ನಲ್ಲಿರುವ ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಕನ್ನಡ ಇಲ್ಲ.

ಹಾಗಂತ ಸುಮ್ನೆ ಕೂರಲಿಲ್ಲ. ಓಪನ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ವಿಸ್ಪರ್ ಅನ್ನುವ, ಮಾತನ್ನು ಬರಹ ಮಾಡುವ ಎಐ ಮಾದರಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಲ್ಲಿ ಕನ್ನಡ ಇದೆ. ನಮ್ಮದೇ ಕಂಪ್ಯೂಟರ್‌ನಲ್ಲಿ ಇಂಟರ್‌ನೆಟ್ ಇಲ್ಲದೆ ಓಡಿಸಬಹುದು. ನಾನು ಮಾಡುವುದು ಹೀಗೆ. ಮೊದಲು ಮಾತಿನ ಭಾಗವನ್ನು ಬರೀ ಧ್ವನಿಯಾಗಿ, ವೇವ್ ಫೈಲ್ ಮಾಡಿ ಹೊರತೆಗೆಯುತ್ತೇನೆ. ಕಾಲರ್ ಮೈಕ್‌ನ ಟ್ರ್ಯಾಕ್ ಒಂದೇ ಸಾಕು. ಕ್ಯಾಮೆರಾದ ಮೈಕ್ ಸೇರಿಸಿದರೆ ಗಲಾಟೆ ಜಾಸ್ತಿ, ಬರಹ ಕೆಡುತ್ತದೆ. ರಾತ್ರಿ ವಿಸ್ಪರ್‌ಗೆ ಹಚ್ಚಿ ಮಲಗುತ್ತೇನೆ. ಬೆಳಿಗ್ಗೆ ಎಸ್‌ಆರ್‌ಟಿ ಫೈಲ್ ಸಿಗುತ್ತದೆ. ಯಾವ ಸೆಕೆಂಡಿನಲ್ಲಿ ಯಾವ ಮಾತು ಅಂತ ಸಾಲುಸಾಲಾಗಿ ಇರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ವಿಸ್ಪರ್ ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ಕೇಳುತ್ತದೆ. ನಾವು ಭಾಷೆ ಹೇಳದಿದ್ದರೆ ಮೊದಲ 30 ಸೆಕೆಂಡ್ ಕೇಳಿ ಭಾಷೆ ಯಾವುದು ಅಂತ ತಾನೇ ತೀರ್ಮಾನ ಮಾಡುತ್ತದೆ. ಉಳಿದದ್ದನ್ನೆಲ್ಲ ಅದೇ ಭಾಷೆ ಅಂತ ನಂಬಿ ಬರೆಯುತ್ತದೆ. ನಮ್ಮೂರಿನ ಮಾತಿಗೆ ಇದು ಸಾಲುವುದಿಲ್ಲ. ಅದಕ್ಕೆ ನಾನು ಮೊದಲೇ ಟೈಮ್‌ಲೈನ್‌ನಲ್ಲಿ ಒಂದು ಸಲ ವೇಗವಾಗಿ ಓಡಿಸಿ ನೋಡುತ್ತೇನೆ. ಕನ್ನಡದ ಭಾಗಕ್ಕೆ ಹಸಿರು, ದಖನಿಗೆ ಕಿತ್ತಳೆ, ಮರಾಠಿಗೆ ನೀಲಿ ಬಣ್ಣ ಕೊಡುತ್ತೇನೆ. ಬಣ್ಣಬಣ್ಣಕ್ಕೆ ಬೇರೆ ಫೈಲ್ ಮಾಡಿ, ಭಾಷೆ ಹೆಸರು ಹೇಳಿಯೇ ಓಡಿಸುತ್ತೇನೆ. ಮಾತಿಲ್ಲದ ಉದ್ದ ಜಾಗಗಳನ್ನೂ ಕತ್ತರಿಸಿಬಿಡುತ್ತೇನೆ. ಇಂಥ ಮಾದರಿಗಳು ಮೌನದಲ್ಲೂ ಏನಾದರೂ ವಾಕ್ಯ ಕಲ್ಪಿಸಿಕೊಂಡು ಬರೆಯುವುದುಂಟು.

ಬಂದ ಕನ್ನಡ ಶುದ್ಧವಾಗಿರುವುದಿಲ್ಲ. ವಿಸ್ಪರ್ ತಯಾರಿಗೆ 6,80,000 ಗಂಟೆಗಳ ಧ್ವನಿ ಬಳಸಿದ್ದಾರೆ. ಬಹುಪಾಲು ಇಂಗ್ಲಿಷ್. ಕನ್ನಡದ ಪಾಲು ತೀರಾ ಸಣ್ಣದು. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೇ ಅಂತ ಮಾಡಿದ ಮಾದರಿಗಳನ್ನೂ ಮುಕ್ತವಾಗಿ ಬಿಟ್ಟಿದೆ, ಕನ್ನಡವೂ ಅದರಲ್ಲಿದೆ. ಯಾವುದನ್ನು ಬಳಸಿದರೂ ಸಬ್‌ಟೈಟಲ್ ಎಡಿಟ್ ಅನ್ನುವ ಉಚಿತ ತಂತ್ರಾಂಶದಲ್ಲಿ ಕೂತು ತಿದ್ದಲೇಬೇಕು. ಆದರೆ ಹುಡುಕಲು ಶುದ್ಧ ಕನ್ನಡ ಬೇಕಾಗಿಲ್ಲ, ಅಲ್ವಾ? ‘ಬೆಳ್ಳಿ’ ಅಂತ ಹುಡುಕಿದರೆ ಬೆಳ್ಳಿಯ ಮಾತು ಬಂದ ಜಾಗಗಳು ಸಿಕ್ಕರೆ ಸಾಕು. ನನ್ನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮುಂದಿನ ವರ್ಷನ್‌ನಿಂದ ನನ್ನ ಮೊದಲ ಬೇಡಿಕೆ ಇದೇ. ಈ ಇಡೀ ಸುತ್ತಾಟ ಸಾಫ್ಟ್‌ವೇರ್ ಒಳಗೇ ಆಗಬೇಕು. ಕನ್ನಡ ಬರೀ ಪಟ್ಟಿಗೆ ಸೇರಿದರೆ ಸಾಲದು. ಒಂದೇ ಕ್ಲಿಪ್‌ನಲ್ಲಿ ವಾಕ್ಯ ವಾಕ್ಯಕ್ಕೆ ಭಾಷೆ ಬದಲಾದರೂ ಗುರುತಿಸಬೇಕು. ಅದು ಕಷ್ಟವಾದರೆ, ನಾನು ಕ್ಲಿಪ್‌ಗೆ ಕೊಟ್ಟ ಬಣ್ಣವನ್ನೇ ಭಾಷೆಯ ಗುರುತಾಗಿ ತೆಗೆದುಕೊಳ್ಳಲಿ. ಜೊತೆಗೆ ಪ್ರಾಜೆಕ್ಟ್‌ಗೆ ಒಂದು ಪದಪಟ್ಟಿ ಕೊಡಲು ಜಾಗ ಬೇಕು. ಕರೇಜ್, ನೌಬಾದ್, ಬಿದ್ರಿ ಕೆಲಸದ ಮೈಲುತುತ್ತ, ನವಸಾಗರ, ತಾರಕಶಿ ಅಂತ ನಾನು ಮೊದಲೇ ಬರೆದಿಟ್ಟರೆ, ಅವನ್ನು ಕೇಳಿದಾಗ ಬೇರೆ ಏನೋ ಊಹಿಸಬಾರದು. ಯಾದಗಿರಿಯ ಎಡಿಟರ್ ತನ್ನ ಊರಿನ ಹೆಸರುಗಳನ್ನು ಹಾಕಿಕೊಳ್ಳಲಿ, ಕಲಬುರಗಿಯವರು ತಮ್ಮದನ್ನು. ಮಾತು ಹೇಗಿದೆಯೋ ಹಾಗೆ ಬರೆಯಬೇಕು ಅನ್ನುವ ಆಯ್ಕೆಯೂ ಇರಲಿ. ನಮ್ಮ ಕಡೆಯ ‘ಮಾಡ್ಲತ್ತೀನಿ’ಯನ್ನು ತಿದ್ದಿ ಪುಸ್ತಕದ ಕನ್ನಡ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಬರಹ ಸಿಕ್ಕ ಮೇಲೆ ಅದು ಪರದೆಯ ಮೇಲೆ ಸರಿಯಾಗಿ ಕೂರಬೇಕು. ಮೊದಲಿಗಿಂತ ಈಗ ಎಷ್ಟೋ ವಾಸಿ. ಮೊದಲು ಟೈಟಲ್‌ಗೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು. ಅದಕ್ಕೇ ನಮ್ಮ ಕಡೆ ಸ್ಟುಡಿಯೊಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ಗಳನ್ನು ಹಿಡಿದುಕೊಂಡವು. ಕಣ್ಣಿಗೆ ಕನ್ನಡ ಕಂಡರೂ ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಹುಡುಕಲು ಬರುವುದಿಲ್ಲ, ಎಸ್‌ಆರ್‌ಟಿಯಲ್ಲಿ ನಡೆಯುವುದಿಲ್ಲ. ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಪ್ರಿಫರೆನ್ಸ್‌ಗೆ ಹೋಗಿ ದಕ್ಷಿಣ ಏಷ್ಯಾದ ಪಠ್ಯ ಎಂಜಿನ್ ಆರಿಸಿದರೆ ಒತ್ತು, ಅರ್ಕಾವತ್ತು ಸರಿಯಾಗಿ ಬರುತ್ತವೆ. ಇದು ಗೊತ್ತಿಲ್ಲದೆ ಒದ್ದಾಡುವವರು ಇನ್ನೂ ಇದ್ದಾರೆ.

ಉಳಿದಿರುವ ತೊಂದರೆ ಬೇರೆ. ಸಾಫ್ಟ್‌ವೇರ್ ಅಕ್ಷರ ಎಣಿಸುವ ರೀತಿಯದು. ‘ಬಿದ್ರಿ’ ಅನ್ನುವುದು ನಮಗೆ ಎರಡು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು. ಬ, ಗುಡಿಸು, ದ, ವಿರಾಮ (ಅರ್ಧಾಕ್ಷರದ ಚಿಹ್ನೆ), ರ, ಮತ್ತೆ ಗುಡಿಸು. ಒಂದೊಂದೇ ಅಕ್ಷರ ಮೂಡುವ ಅನಿಮೇಷನ್ ಹಾಕಿದರೆ ಪರದೆಯ ಮೇಲೆ ಬ, ಬಿ, ಬಿದ, ಬಿದ್, ಬಿದ್ರ ಅಂತ ಕುಂಟುತ್ತಾ ಬಂದು ಕೊನೆಗೆ ಬಿದ್ರಿ ಆಗುತ್ತದೆ. ಹಾರಿಬರುವ ಅನಿಮೇಷನ್ ಆದರೆ ಗುಡಿಸು ಒಂದೇ ಚುಕ್ಕಿ ವೃತ್ತದ ಮೇಲೆ ಕೂತು ಬರುವುದೂ ಉಂಟು. ಸೆಕೆಂಡಿಗೆ ಎಷ್ಟು ಅಕ್ಷರ ಅನ್ನುವ ಓದುವ ವೇಗದ ಲೆಕ್ಕಕ್ಕೂ ಇದೇ ಗತಿ. ಆರಾಮಾಗಿ ಓದಬಹುದಾದ ಕನ್ನಡ ಸಾಲಿಗೂ ಕೆಂಪು ಎಚ್ಚರಿಕೆ ಬರುತ್ತದೆ. ನಾನು ಅನಿಮೇಷನ್ ಬದಲು ಎಡದಿಂದ ಬಲಕ್ಕೆ ಮಾಸ್ಕ್ (ಒಂದು ಭಾಗವನ್ನು ಮಾತ್ರ ಆರಿಸುವ ಗೆರೆ) ಸರಿಸಿ ಟೈಟಲ್ ತೋರಿಸುತ್ತೇನೆ. ಓದುವ ವೇಗವನ್ನು ಜೋರಾಗಿ ಓದಿಯೇ ಅಳೆಯುತ್ತೇನೆ. ಎರಡು ಸಾಲಿನ ಸಬ್‌ಟೈಟಲ್‌ಗೆ ಸಾಲಿನ ನಡುವಿನ ಜಾಗ ಹೆಚ್ಚಿಸುತ್ತೇನೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅನಿಮೇಷನ್, ಎಣಿಕೆ, ಸಾಲು ಮುರಿಯುವುದು ಈ ಮೂರೂ ಪೂರ್ತಿ ಅಕ್ಷರವನ್ನು ಒಂದು ಘಟಕ ಅಂತ ಹಿಡಿದರೆ ಸಾಕು. ಗುಡಿಸಿನಂಥ ಚಿಹ್ನೆಯನ್ನು ಅಕ್ಷರದ ಜೊತೆ ಗುಂಪು ಮಾಡುವ ನಿಯಮ ಯೂನಿಕೋಡ್‌ನಲ್ಲೇ ಇದೆ, ಒತ್ತನ್ನೂ ಹಾಗೇ ಸೇರಿಸಿಕೊಳ್ಳಬೇಕು. ತೆಲುಗು, ಮಲಯಾಳಂ, ಹಿಂದಿ ಎಲ್ಲಕ್ಕೂ ಇದರಿಂದ ಉಪಯೋಗ.

ಇನ್ನು ಕಪ್ಪು ಬಣ್ಣ. ಬಿದ್ರಿ ಅಂದರೆ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸುವ ಕೆಲಸ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಬೆರೆಸಿದ ದ್ರಾವಣದಲ್ಲಿ ಹಾಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ವಿಡಿಯೊದಲ್ಲಿ ಆ ಕಪ್ಪು ಉಳಿಸುವುದು ಬಹಳ ಕಷ್ಟ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಅದಕ್ಕೆ ಬಿದ್ರಿಯನ್ನು ನಾನು 10 ಬಿಟ್‌ನಲ್ಲೇ ಶೂಟ್ ಮಾಡುತ್ತೇನೆ. ಆದರೂ ಫೈಲ್ ಕುಗ್ಗಿಸುವ ಕೊನೆಯ ಎಚ್.264 ಎಕ್ಸ್‌ಪೋರ್ಟ್‌ನಲ್ಲಿ ಕತ್ತಲೆ ಭಾಗಕ್ಕೆ ಕಡಿಮೆ ಬಿಟ್ (ಡೇಟಾ) ಸಿಕ್ಕರೆ ನುಣುಪಾದ ಕಪ್ಪು ಚೌಕ ಚೌಕ ತೇಪೆಯಾಗುತ್ತದೆ. ಹೂದಾನಿಯ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತದೆ.

ನಾನು ಕಂಡುಕೊಂಡ ದಾರಿ ಇದು. ಸಾಫ್ಟ್‌ವೇರ್‌ನಿಂದ ಡಿಎನ್‌ಎಕ್ಸ್‌ಎಚ್‌ಆರ್ ಅನ್ನುವ ಹೆಚ್ಚು ಗುಣಮಟ್ಟದ ರೂಪದಲ್ಲಿ 10 ಬಿಟ್ ಮಾಸ್ಟರ್ ಹೊರತೆಗೆಯುತ್ತೇನೆ. ಆಮೇಲೆ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ತಂತ್ರಾಂಶದಲ್ಲಿ, ಎಚ್.264 ಫೈಲ್ ಮಾಡುವ ಎಕ್ಸ್264 ಎನ್‌ಕೋಡರ್ ಬಳಸಿ, ಎಕ್ಯೂ ಮೋಡ್ 3 ಅನ್ನುವ ಸೆಟ್ಟಿಂಗ್ ಕೊಡುತ್ತೇನೆ. ಅದು ಕತ್ತಲೆ ಭಾಗಗಳ ಕಡೆ ಹೆಚ್ಚು ಬಿಟ್ ಹರಿಸುತ್ತದೆ. ಫೈಲ್ ಸ್ವಲ್ಪ ದೊಡ್ಡದಾದರೂ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಈ ಆಯ್ಕೆ ಎಕ್ಸ್‌ಪೋರ್ಟ್ ಪ್ಯಾನೆಲ್‌ನಲ್ಲೇ ಯಾಕೆ ಇರಬಾರದು? ನಾನು ಕಲರ್ ಮಾಡುವಾಗ ಹೂದಾನಿಗೆ ಮಾಸ್ಕ್ ಹಾಕಿಯೇ ಇರುತ್ತೇನೆ. ಆ ಮಾಸ್ಕ್ ಒಳಗೆ ಹೆಚ್ಚು ಬಿಟ್ ಕೊಡು ಅಂತ ಹೇಳುವ ಒಂದು ಬಟನ್ ಕೊಟ್ಟರೆ ಕರಕುಶಲ ವಸ್ತು, ರೇಷ್ಮೆ ಸೀರೆ, ಒಡವೆ ಶೂಟ್ ಮಾಡುವ ಎಲ್ಲರಿಗೂ ಅನುಕೂಲ. ಕರೇಜ್‌ನ ಸುರಂಗದಲ್ಲಿ ಟಾರ್ಚ್ ಬೆಳಕಿನಲ್ಲಿ ತೆಗೆದ ಫುಟೇಜ್‌ಗೂ ಇದೇ ಮದ್ದು ಬೇಕು.

ಉಳಿಯ ಸದ್ದಿನ ಬಗ್ಗೆಯೂ ಹೇಳಬೇಕು. ಮಾತು ಮತ್ತು ಹಿನ್ನೆಲೆ ಬೇರೆ ಮಾಡುವ ಸಾಧನಗಳು ಈಗ ಬಂದಿವೆ, ರಿಸಾಲ್ವ್ 19ರ ಸ್ಟುಡಿಯೊದಲ್ಲಿ ಮಾತು, ಹಿನ್ನೆಲೆ, ಸುತ್ತಲಿನ ಗುಂಯ್‌ಗುಡುವಿಕೆಗೆ ಬೇರೆ ಬೇರೆ ನಿಯಂತ್ರಣಗಳಿವೆ. ಆದರೆ ನನಗೆ ಉಳಿಯ ಟಕ್ ಟಕ್ ಗದ್ದಲ ಅಲ್ಲ, ಅದೇ ಕೆಲಸದ ಧ್ವನಿ. ಅದು ಬೇಕು, ಬೀದಿಯ ಆಟೊ ಬೇಡ. ಒಂದು ಏಟನ್ನು ಆರಿಸಿ ತೋರಿಸಿದರೆ ಅಂಥದ್ದನ್ನೆಲ್ಲ ಹುಡುಕಿ ಬೇರೆ ಟ್ರ್ಯಾಕ್‌ಗೆ ಹಾಕಿಕೊಡಲಿ. ಸದ್ಯಕ್ಕೆ ನಾನು ಸಂದರ್ಶನ ಮುಗಿದ ಮೇಲೆ, ಮಾತಿಲ್ಲದೆ ಕೆಲಸ ಮಾತ್ರ ಮಾಡಿಸಿ, ಉಳಿಯ ಹತ್ತಿರ ಮೈಕ್ ಇಟ್ಟು ಬೇರೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಹೊಸಬರಿಗೆ ನನ್ನ ಸಲಹೆಯೂ ಇದೇ.



ಕರೆಂಟ್ ವಿಷಯ ಮಾತ್ರ ಬಿಡುವಂತಿಲ್ಲ. ಮಳೆ ಗಾಳಿ ಶುರುವಾದರೆ ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು. ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಎಂಪಿ4 ಫೈಲ್‌ನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ಮುಕ್ಕಾಲು ಭಾಗ ಎಕ್ಸ್‌ಪೋರ್ಟ್ ಆಗಿ ನಿಂತರೆ ಫೈಲ್ ತೆರೆಯುವುದೇ ಇಲ್ಲ, ಮತ್ತೆ ಮೊದಲಿನಿಂದ. ಮೂರು ತಾಸಿನ ಮದುವೆ ವಿಡಿಯೊ ಆದರೆ ರಾತ್ರಿಯೆಲ್ಲ ಹೋಯಿತು. ಅದಕ್ಕೆ ನಾನು ಅರಿಶಿನ, ಅಕ್ಷತೆ, ಊಟ ಅಂತ ಭಾಗ ಮಾಡಿ ಬೇರೆ ಬೇರೆ ಎಕ್ಸ್‌ಪೋರ್ಟ್ ಮಾಡುತ್ತೇನೆ. ಎಲ್ಲಕ್ಕೂ ಒಂದೇ ಸೆಟ್ಟಿಂಗ್ ಇಟ್ಟರೆ ಎಫ್‌ಎಫ್‌ಎಂಪೆಗ್‌ನಲ್ಲಿ ಮತ್ತೆ ಎನ್‌ಕೋಡ್ ಮಾಡದೆ ಜೋಡಿಸಬಹುದು, ಕೆಲವೇ ನಿಮಿಷದ ಕೆಲಸ. ಸಾಫ್ಟ್‌ವೇರ್ ತಾನೇ ಹೀಗೆ ತುಂಡು ತುಂಡಾಗಿ ಬರೆದು, ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಮುಂದುವರಿಸಲಿ. ದೊಡ್ಡ ಫೈಲ್ ಡೌನ್‌ಲೋಡ್‌ಗೆ ಈ ಸೌಲಭ್ಯ ಎಷ್ಟೋ ವರ್ಷದಿಂದ ಇದೆ.

ಕಂಪನಿಗಳಿಗೆ ಬೇಡಿಕೆ ಕಳುಹಿಸುವಾಗ ‘ಕನ್ನಡ ಸೇರಿಸಿ’ ಅಂತ ಒಂದು ಸಾಲು ಬರೆದರೆ ಅವರಿಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ನಾನು ಒಂದು ನಿಮಿಷದ ಕ್ಲಿಪ್, ಅದರಲ್ಲಿರುವ ಮಾತನ್ನು ಕೈಯಾರೆ ಬರೆದ ಎಸ್‌ಆರ್‌ಟಿ, ಸಾಫ್ಟ್‌ವೇರ್ ತೋರಿಸಿದ ತಪ್ಪಿನ ಸ್ಕ್ರೀನ್‌ಶಾಟ್, ನನ್ನ ವರ್ಷನ್ ನಂಬರ್ ಈ ನಾಲ್ಕನ್ನೂ ಸೇರಿಸಿ ಕಳುಹಿಸುತ್ತೇನೆ. ಕ್ಲಿಪ್‌ನಲ್ಲಿ ಇರುವವರ ಒಪ್ಪಿಗೆ ಮೊದಲೇ ಕೇಳಿಕೊಂಡಿರುತ್ತೇನೆ. ಕಲಬುರಗಿ, ಯಾದಗಿರಿಯ ಎಡಿಟರ್‌ಗಳೂ ತಮ್ಮ ತಮ್ಮ ಊರಿನ ಮಾತಿನ ಕ್ಲಿಪ್ ಇಟ್ಟು ಹೀಗೆ ಕಳುಹಿಸಬೇಕು. ಬೆಂಗಳೂರಿನ ಸ್ಟುಡಿಯೊ ಕನ್ನಡ ಒಂದನ್ನೇ ಕೇಳಿ ಅವರು ಮಾದರಿ ಮಾಡಿದರೆ, ಪಟ್ಟಿಯಲ್ಲಿ ಕನ್ನಡ ಬಂದ ಮೇಲೂ ನಾವು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬರೆಯುತ್ತಲೇ ಇರಬೇಕಾಗುತ್ತದೆ.