ಬೆಟ್ಟದ ಕಟ್ಟಿಗೆ ಬಿಟ್ಟೆ, ಸಿಪ್ಪೆಯಲ್ಲೇ ಅಡಿಕೆ ಬೇಯಿಸಿದೆ

ಕಳೆದ ಸುಗ್ಗಿಯಲ್ಲಿ ನಮ್ಮ ಅಡಿಕೆ ಒಲೆಗೆ ಬೆಟ್ಟದಿಂದ ಒಂದು ತುಂಡು ಕಟ್ಟಿಗೆಯನ್ನೂ ತರಲಿಲ್ಲ. ಹೊತ್ತಿಸಲು ಒಂದಿಷ್ಟು ಸೋಗೆ, ತೆಂಗಿನ ಗರಿ. ಉಳಿದದ್ದೆಲ್ಲ ಹಿಂದಿನ ವರ್ಷದ ಅಡಿಕೆ ಸಿಪ್ಪೆ. ಹಂಡೆ ಕುದಿಯಿತು, ಅಡಿಕೆ ಬೆಂದ ನೀರಿನ ಒಗರು ರಸ, ಅಂದರೆ ಚೊಗರು ಕಟ್ಟಿತು, ಅಡಿಕೆಗೆ ಎಂದಿನ ಬಣ್ಣ ಬಂತು, ಮಂಡಿಯಲ್ಲಿ ಯಾರೂ ಮೂಗು ಮುರಿಯಲಿಲ್ಲ. ಸಿಪ್ಪೆಯಿಂದ ಬರುವುದು ಹೊಗೆ ಮಾತ್ರ ಎಂದು ಅಡ್ಡಡ್ಡ ತಲೆ ಆಡಿಸಿದವರಲ್ಲಿ ಇಬ್ಬರು ಈಗ ನಮ್ಮ ಒಲೆಯ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಸಿ ಅಡಿಕೆ ಸುಲಿದು ಬೇಯಿಸುವವರಿಗೆ ಕೆಲಸದ ಕ್ರಮ ನಾನು ಹೇಳಬೇಕಾಗಿಲ್ಲ. ಆದರೆ ಆ ಕೆಲಸ ಎಷ್ಟು ಕಟ್ಟಿಗೆ ತಿನ್ನುತ್ತದೆ ಎಂಬುದನ್ನು ನಾವು ಯಾರೂ ಲೆಕ್ಕ ಇಡುವುದಿಲ್ಲ. ಸೊಪ್ಪಿನಬೆಟ್ಟ ಅಂದರೆ ತೋಟದವರಾದ ನಮ್ಮ ಬಳಕೆಗೆ ಬಿಟ್ಟ ಕಾಡಿನ ಜಾಗ. ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಗಿ ಬಿದ್ದ ಕಟ್ಟಿಗೆ ತರಬಹುದು. ನಮ್ಮ ಅಪ್ಪನ ಕಾಲದಲ್ಲಿ ಬಿದ್ದ ಕಟ್ಟಿಗೆಯೇ ಸುಗ್ಗಿಗೆ ಸಾಕಾಗಿ ಮಿಗುತ್ತಿತ್ತು. ಈಗ ನಮ್ಮ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿಯ ದೊಡ್ಡ ಮರ ಬೆರಳೆಣಿಕೆಯಷ್ಟು. ಉಳಿದವು ವರ್ಷವರ್ಷ ಸೊಪ್ಪು ಕಡಿಸಿಕೊಂಡು ಬೋಳಾದ ಬೊಡ್ಡೆಗಳು. ನೆರಳು ಹೋದ ಕಡೆ ಮಣ್ಣು ಗಟ್ಟಿಯಾಗಿದೆ. ಮಳೆ ನೀರು ಇಂಗದೆ ಮೇಲಿಂದ ಮೇಲೆ ಹರಿದುಹೋಗುತ್ತದೆ. ತೋಟದ ಮೇಲ್ಭಾಗದ ಅಬ್ಬಿ ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ಈಗ ಶಿವರಾತ್ರಿಯ ಹೊತ್ತಿಗೆ ನಿಲ್ಲುತ್ತದೆ. ಬೆಟ್ಟ ಸುಟ್ಟು ಬೇಯಿಸಿದ ಅಡಿಕೆಯ ದುಡ್ಡಿನಲ್ಲಿ ಬೋರ್‌ವೆಲ್ ಕೊರೆಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಇನ್ನೊಂದು ಕಡೆ ಸಿಪ್ಪೆಯ ರಾಶಿ. ಹಸಿ ಅಡಿಕೆಯ ತೂಕದಲ್ಲಿ ಶೇಕಡಾ 60ರಿಂದ 80ರಷ್ಟು ಸಿಪ್ಪೆಯೇ. ಅದು ಬೇಗ ಕೊಳೆಯುವುದಿಲ್ಲ. ಅನೇಕ ಊರುಗಳಲ್ಲಿ ರಸ್ತೆ ಬದಿಗೆ ಸುರಿದು ಬೆಂಕಿ ಹಾಕುತ್ತಾರೆ, ವಾರಗಟ್ಟಲೆ ಹೊಗೆಯಾಡುತ್ತದೆ. ಅಂದರೆ ಒಂದು ಕಡೆ ಉರುವಲು ಇಲ್ಲವೆಂದು ಮರ ಕಡಿಯುತ್ತೇವೆ, ಇನ್ನೊಂದು ಕಡೆ ಉರುವಲನ್ನೇ ರಸ್ತೆಯಲ್ಲಿ ಸುಡುತ್ತೇವೆ.

ನಮ್ಮ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಸಿಪ್ಪೆಯಿಂದ ಹಂಡೆ ಕುದಿಯುವುದಾದರೆ ಅಜ್ಜಂದಿರು ಬಿಡುತ್ತಿದ್ದರೇನೋ ಮಾರಾಯ?’ ಅಜ್ಜಂದಿರಿಗೆ ಬೆಟ್ಟದ ತುಂಬ ಮರವಿತ್ತು. ಸಿಪ್ಪೆಯ ಗೋಜಿಗೆ ಅವರು ಏಕೆ ಹೋಗುತ್ತಿದ್ದರು?

ಹಳೆಯ ಒಲೆಯ ಲೆಕ್ಕ ಹಾಕಿದಾಗಲೇ ನನಗೆ ಧೈರ್ಯ ಬಂದದ್ದು. 100 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 7,500 ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4,000 ಇದೆ. ಅಂದರೆ ಎರಡು ಕಿಲೋ ಕಟ್ಟಿಗೆ ಸಾಕು. ನಾವು ಉರಿಸುತ್ತಿದ್ದದ್ದು ಇಪ್ಪತ್ತು ಕಿಲೋದ ಹತ್ತಿರ. ಹತ್ತರಲ್ಲಿ ಒಂಬತ್ತು ಪಾಲು ಒಲೆಯ ಬಾಯಿಂದ ಹೊರಗೆ, ಗೋಡೆಗೆ, ಆಕಾಶಕ್ಕೆ. ಹಸಿ ಕಟ್ಟಿಗೆಯಾದರೆ ಕೇಳುವುದೇ ಬೇಡ. ಆಗತಾನೇ ಕಡಿದ ಮರದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ, ಹಂಡೆಗೆ ಮೊದಲು ಆ ನೀರು ಕಾಯಬೇಕು. ಉರುವಲಿನ ಕೊರತೆಗಿಂತ ಒಲೆಯ ಕೊರತೆ ದೊಡ್ಡದು ಎಂದು ನನಗೆ ಅನ್ನಿಸಿತು, ಈಗಲೂ ಅದನ್ನೇ ಹೇಳುತ್ತೇನೆ.

ಮೊದಲ ಹೆಜ್ಜೆಯಲ್ಲಿ ಹಳೆಯ ಒಲೆಗೇ ಸಿಪ್ಪೆ ತುಂಬಿದೆವು. ಅಂಗಳವೆಲ್ಲ ಹೊಗೆ, ಸುಲಿಯಲು ಕುಳಿತವರು ಎದ್ದು ಹೋದರು. ಸಿಪ್ಪೆ ಬೂದಿಯ ಮೇಲೆ ಚಾಪೆಯಂತೆ ಹಾಸಿಕೊಂಡು ಗಾಳಿಯನ್ನು ಕಟ್ಟಿಬಿಡುತ್ತದೆ. ಆಮೇಲೆ ಸಗಣಿ ಕಲಸಿ ಮುದ್ದೆ ಕಟ್ಟಿಸಿದೆ. ಉರಿಯಿತು, ಆದರೆ ಕೂಲಿಯ ಖರ್ಚು ಕಟ್ಟಿಗೆಯನ್ನೂ ಮೀರಿತು, ಮೋಡದ ದಿನಗಳಲ್ಲಿ ಮುದ್ದೆ ಒಣಗಲೇ ಇಲ್ಲ. ಮೂರನೆಯದು ಬ್ಲೋವರ್. ಮೋಟಾರು ಸೇರಿ ನಾಲ್ಕೂವರೆ ಸಾವಿರ. ಬೆಂಕಿ ಭರ್ಜರಿಯಾಗಿ ಬಂತು, ಜೊತೆಗೆ ಬೂದಿಯೂ ಹಾರಿ ಹಂಡೆಯೊಳಗೆ ಬಿತ್ತು. ಕರೆಂಟು ಹೋದ ಕೂಡಲೇ ಒಲೆ ಸತ್ತಿತು. ಸುಗ್ಗಿಯ ಸಂಜೆ ನಮ್ಮ ಕಡೆ ಕರೆಂಟನ್ನು ನಂಬಿ ಹಂಡೆ ಏರಿಸುವಂತಿಲ್ಲ.

ದಾರಿ ಸಿಕ್ಕಿದ್ದು ಅಸ್ತ್ರ ಒಲೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ರೂಪಿಸಿದ ಅಡುಗೆ ಒಲೆ ಅದು. ನಮ್ಮ ಹಳೆಯ ಮನೆಯಲ್ಲೂ ಒಂದಿತ್ತು. ಮುಚ್ಚಿದ ಉರಿಗೂಡು, ಅಡಿಯಲ್ಲಿ ಕಬ್ಬಿಣದ ಜಾಲರಿ, ಅದರ ಕೆಳಗಿನಿಂದ ಗಾಳಿ, ಕೊನೆಯಲ್ಲಿ ಹೊಗೆಕೊಳವೆ. ಇದನ್ನೇ ಹಂಡೆಯ ಗಾತ್ರಕ್ಕೆ ಹಿಗ್ಗಿಸಿದರೆ ಏಕಾಗಬಾರದು ಎಂದು ಹೊರಟೆ.

ಹಿಗ್ಗಿಸುವುದು ಅಷ್ಟು ಸಲೀಸಾಗಿರಲಿಲ್ಲ. ಮೇಸ್ತ್ರಿ ಇಟ್ಟಿಗೆಗೆ ಸಿಮೆಂಟೇ ಬೇಕೆಂದು ಹಟ ಹಿಡಿದ. ಆ ಗೂಡು ಹದಿನೈದು ದಿನ ಬಾಳಲಿಲ್ಲ. ಸಿಮೆಂಟು ಅಷ್ಟು ಬಿಸಿ ತಾಳುವುದಿಲ್ಲ, ಪುಡಿಯಾಗಿ ಉದುರುತ್ತದೆ. ಎರಡನೆಯ ಸಲ ಹುತ್ತದ ಮಣ್ಣು, ಮರಳು, ಭತ್ತದ ಹೊಟ್ಟು, ಸಗಣಿ ಕಲಸಿ ನಾಲ್ಕೈದು ದಿನ ಹುಳಿಯಲು ಬಿಟ್ಟು ಕಟ್ಟಿಸಿದೆ. ಸಣ್ಣ ಬಿರುಕು ಬಂದರೆ ಅದೇ ಮಣ್ಣಿನಿಂದ ಮೆತ್ತಿದರಾಯಿತು. ಮೂರು ಸುಗ್ಗಿ ಕಳೆದಿದೆ, ಗಟ್ಟಿಯಾಗಿ ನಿಂತಿದೆ.

ಹಂಡೆ ಮತ್ತು ಗೂಡಿನ ಗೋಡೆಯ ನಡುವಿನ ಸಂದು ತುಂಬ ಮುಖ್ಯ. ನಮ್ಮದು ಸುಮಾರು ಒಂದೂವರೆ ಇಂಚು. ಹೆಚ್ಚಾದರೆ ಬಿಸಿಗಾಳಿ ಹಂಡೆಯನ್ನು ಮುಟ್ಟದೆ ಹೋಗುತ್ತದೆ, ಕಡಿಮೆಯಾದರೆ ಹೊಗೆ ಬಾಯಿಂದ ವಾಪಸು ಬರುತ್ತದೆ. ಬೆಂಕಿ ನೇರವಾಗಿ ಕೊಳವೆಗೆ ನುಗ್ಗದೆ ಹಂಡೆಯನ್ನು ಒಂದು ಸುತ್ತು ಬಳಸಿ ಹೋಗುವಂತೆ ಒಳಗೆ ಒಂದು ಅಡ್ಡ ಇಟ್ಟಿಗೆ ಇಟ್ಟಿದ್ದೇನೆ. ಅದು ಎಲ್ಲಿ, ಯಾವ ಓರೆಯಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ಹೆಣಗಿದ್ದೇನೆ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಕೊಳವೆಯಲ್ಲಿ ತಗಡಿನ ಒಂದು ತಡೆ ಇರಲಿ. ಹೊತ್ತಿಸುವಾಗ ಪೂರ್ತಿ ತೆರೆದು, ಉರಿ ಹಿಡಿದ ಮೇಲೆ ಅರ್ಧ ಮುಚ್ಚಿ. ಕೊಳವೆ ಜೋರಾಗಿ ಎಳೆಯುವುದು ನೋಡಲು ಚೆಂದ, ಎಳೆದುಕೊಂಡು ಹೋಗುವುದು ಮಾತ್ರ ನಿಮ್ಮ ಶಾಖವನ್ನೇ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸಿಪ್ಪೆ ಉಣಿಸುವ ಕೆಲಸ. ಸಿಪ್ಪೆ ಹಗುರ, ಭಗ್ಗನೆ ಉರಿದು ಮುಗಿಯುತ್ತದೆ. ಒಬ್ಬರು ಒಲೆಯ ಮುಂದೆಯೇ ಕೂರಬೇಕು. ತಗಡಿನ ಇಳಿಜಾರು ನಳಿಗೆ ಮಾಡಿಸಿ ಮೇಲಿಂದ ತುಂಬಿದರೆ ತಾನಾಗಿ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ನಾರು ನಾರಿಗೆ ಸಿಕ್ಕಿ ನಡುವೆಯೇ ಕಮಾನು ಕಟ್ಟಿ ನಿಂತಿತು. ಮೇಲೆ ಅಗಲ, ಕೆಳಗೆ ಕಿರಿದು ಮಾಡುವುದು ವಾಡಿಕೆ, ಹಿಟ್ಟಿನ ಗಿರಣಿಯಲ್ಲಿ ನೋಡಿದ್ದೇವಲ್ಲ. ಸಿಪ್ಪೆಗೆ ಅದು ತಿರುಗುಮುರುಗಾಗಬೇಕು. ಮೇಲೆ ಕಿರಿದು, ಕೆಳಗೆ ಅಗಲ. ಹಾಗೆ ಮಾಡಿದ ದಿನವೇ ಸಿಪ್ಪೆ ಸರಾಗವಾಗಿ ಇಳಿಯತೊಡಗಿತು. ಆಮೇಲೆ ಬೆಂಕಿ ನಳಿಗೆಯನ್ನೇ ಹತ್ತಿ ಮೇಲೆ ಬರತೊಡಗಿತು. ಒಂದು ರಾತ್ರಿ ಚಪ್ಪರದ ಸೋಗೆಗೆ ಕಿಡಿ ತಾಗಿ, ಕೊಡಗಟ್ಟಲೆ ನೀರು ಸುರಿದು ಉಳಿಸಿಕೊಂಡೆವು. ಮೇಲಿನ ಬಾಯಿಗೆ ಬಿಗಿಯಾದ ಮುಚ್ಚಳ ಹಾಕಿಸಿದೆ. ಮೇಲಿಂದ ಗಾಳಿ ಸಿಗದಿದ್ದರೆ ಬೆಂಕಿ ಹತ್ತುವುದಿಲ್ಲ. ಮುಚ್ಚಳವಿಲ್ಲದೆ ಇದನ್ನು ಯಾರೂ ಕಟ್ಟಬೇಡಿ, ಚಪ್ಪರವನ್ನೂ ಒಲೆಯಿಂದ ದೂರ ಇಡಿ.

ಸಿಪ್ಪೆ ಹಿಂದಿನ ವರ್ಷದ್ದೇ ಆಗಬೇಕು. ಈ ವರ್ಷ ಸುಲಿದದ್ದು ಈ ವರ್ಷಕ್ಕೆ ಒಣಗುವುದಿಲ್ಲ. ಬೇಸಿಗೆಯಲ್ಲಿ ಅಂಗಳದಲ್ಲಿ ಹರಡಿ, ಹಿಡಿಯಲ್ಲಿ ಹಿಂಡಿದರೆ ಚರಚರ ಸದ್ದು ಬರುವಷ್ಟು ಒಣಗಿಸಿ, ಮಳೆಗೆ ಮೊದಲು ಕೊಟ್ಟಿಗೆಯ ಅಟ್ಟಕ್ಕೆ ತುಂಬುತ್ತೇವೆ. ತುಂಬುವಾಗ ನಡುನಡುವೆ ಒಂದು ಪದಾರ್ಥ ಉದುರಿಸುತ್ತೇನೆ, ಬೂಸ್ಟು ಹಿಡಿಯುವುದಿಲ್ಲ. ಅದನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೊಂದು ಮಳೆಗಾಲ ನೋಡಿ ಹೇಳುತ್ತೇನೆ.

ಒಂದು ಹಂಡೆ ಕುದಿಗೆ ಬರಲು ಈಗ ಎಂಟು ಹತ್ತು ಕಿಲೋ ಸಿಪ್ಪೆ ಸಾಕು. ನಮ್ಮ ಎರಡು ಎಕರೆ ತೋಟದ ಸಿಪ್ಪೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಒಲೆಗೆ ಹೋಗುತ್ತದೆ. ಉಳಿದದ್ದು ಗೊಬ್ಬರದ ಗುಂಡಿಗೆ, ಬೂದಿ ಮರದ ಬುಡಕ್ಕೆ. ಸಿಪ್ಪೆ ಸುಟ್ಟರೆ ತೋಟಕ್ಕೆ ಗೊಬ್ಬರ ಖೋತಾ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ, ಪೂರ್ತಿ ಸುಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಕಟ್ಟಿಗೆಗೆಂದು ಬೆಟ್ಟ ಬರಿದಾದರೆ ತೋಟಕ್ಕೆ ಸೊಪ್ಪು ಎಲ್ಲಿಂದ ತರುತ್ತೀರಿ?

ಹಂಡೆಗೆ ಮುಚ್ಚಳ ಹಾಕುವ ವಿಷಯ ಇದಕ್ಕಿಂತ ಅಗ್ಗದ್ದು. ಕುದಿ ಬಂದ ಮೇಲೆ ಎಷ್ಟು ಬೆಂಕಿ ಕೊಟ್ಟರೂ ನೀರು 100 ಡಿಗ್ರಿ ದಾಟುವುದಿಲ್ಲ, ಹೆಚ್ಚಿನ ಬೆಂಕಿ ಆವಿಯಾಗಿ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 540 ಕಿಲೋ ಕ್ಯಾಲೊರಿ ಬೇಕು. ಅಷ್ಟರಲ್ಲಿ ಏಳು ಲೀಟರ್ ತಣ್ಣೀರು ಕುದಿಗೆ ಬರುತ್ತದೆ. ಮುಚ್ಚಿದರೆ ಚೊಗರು ಉಕ್ಕುತ್ತದೆ ಎಂದು ನಮ್ಮ ಮನೆಯಲ್ಲೇ ವಿರೋಧವಿತ್ತು. ಮೂರು ಬೆರಳಿನಷ್ಟು ಸಂದು ಬಿಟ್ಟು ಹಲಗೆ ಮುಚ್ಚಿದೆ. ಉಕ್ಕಲಿಲ್ಲ, ಬೆಂದದ್ದರ ಗುರುತಾದ ಅಡಿಕೆಯ ಕಣ್ಣು ಬಿಡುವುದೂ ತಡವಾಗಲಿಲ್ಲ. ಹೊಸ ಒಲೆಗೆ ದುಡ್ಡಿಲ್ಲದವರು ಈ ಹಲಗೆಯೊಂದನ್ನಾದರೂ ಮಾಡಿಸಿ.

ಕೊಳವೆಗೆ ಹೋಗುವ ಬಿಸಿಯಲ್ಲಿ ಮುಂದಿನ ಹಂಡೆಯ ನೀರು ಕಾಯಲೆಂದು ಹಳೆಯ ಕಬ್ಬಿಣದ ಡ್ರಮ್ ಕೂರಿಸಿದೆ. ನೀರೇನೋ ಕಾಯಿತು, ಚೊಗರು ಮಾತ್ರ ಮಸಿಯಾಯಿತು. ಅಡಿಕೆಯ ಒಗರಿಗೂ ಕಬ್ಬಿಣದ ತುಕ್ಕಿಗೂ ಸೇರಿದರೆ ಕಪ್ಪೇ. ಒಂದು ಹಂಡೆ ಅಡಿಕೆಯ ಬಣ್ಣ ಕೆಟ್ಟು ಐದಾರು ಸಾವಿರ ಕೈಬಿಟ್ಟಿತು. ಡ್ರಮ್ ಕಿತ್ತು ಹಳೆಯ ತಾಮ್ರದ ಹಂಡೆ ಕೂರಿಸಿದ ಮೇಲೆ ಸರಿಹೋಯಿತು. ಇದರ ಜೊತೆಗೆ ಚಾವಣಿಯ ಮೇಲೆ ಕಪ್ಪು ಬಣ್ಣದ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟಿದ್ದೇನೆ. ನಾವು ಬೇಯಿಸುವುದು ಸಂಜೆ, ಅಷ್ಟು ಹೊತ್ತಿಗೆ ಬಿಸಿಲಿಗೆ ನೀರು ಬೆಚ್ಚಗಾಗಿರುತ್ತದೆ. 25ರಿಂದ 40ಕ್ಕೆ ಬಂದರೆ ಕುದಿಸುವ ಕೆಲಸದಲ್ಲಿ ಐದನೆಯ ಒಂದು ಪಾಲು ಮುಗಿಯಿತು.

ಗೋಬರ್ ಗ್ಯಾಸಿನಲ್ಲಿ ಬೇಯಿಸಬಾರದೇ ಎಂದು ಹಲವರು ಕೇಳುತ್ತಾರೆ. ನಮ್ಮಲ್ಲಿ ಎರಡು ಘನ ಮೀಟರಿನ ದೀನಬಂಧು ಸ್ಥಾವರವಿದೆ. ದಿನಕ್ಕೆ ಐವತ್ತು ಕಿಲೋದಷ್ಟು ಸಗಣಿ ಹಾಕಿದರೆ ಮನೆಯ ಅಡುಗೆ ನಡೆಯುತ್ತದೆ, ಅದರ ಮೇಲೆ ನನಗೆ ಬಲು ಅಭಿಮಾನ. ಆದರೆ ಆ ದಿನದ ಗ್ಯಾಸಿನಲ್ಲಿರುವುದು ಸುಮಾರು 10,000 ಕಿಲೋ ಕ್ಯಾಲೊರಿ. ಬರ್ನರಿನ ನಷ್ಟ ಕಳೆದರೆ ಒಂದು ಹಂಡೆಯೂ ಕುದಿಗೆ ಬರುವುದಿಲ್ಲ. ಪ್ರಯತ್ನಿಸಿ ನೋಡಿದೆ, ನೀರು ಬೆಚ್ಚಗಾಯಿತು, ರಾತ್ರಿ ಅಡುಗೆಗೆ ಗ್ಯಾಸ್ ಇರಲಿಲ್ಲ. ಸಿಲಿಂಡರ್ ಗ್ಯಾಸಿಗೆ ಹೋದವರೂ ಇದ್ದಾರೆ. ಹೊಗೆಯಿಲ್ಲ, ಸುಲಭ ನಿಜ. ಆದರೆ ನಮ್ಮ ದೇಶ ಬಳಸುವ ಆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುವಂಥದ್ದು. ಅದು ಭೂಮಿಯೊಳಗೆ ಮತ್ತೆ ಹುಟ್ಟುವುದಿಲ್ಲ, ದರವೂ ನಮ್ಮ ಕೈಯಲ್ಲಿಲ್ಲ. ಸಿಪ್ಪೆ ಪ್ರತಿ ವರ್ಷ ಮರದ ಮೇಲೆಯೇ ಬೆಳೆಯುತ್ತದೆ.

ಖರ್ಚು ಕೇಳುತ್ತೀರಿ. ಇಟ್ಟಿಗೆ, ಜಾಲರಿ, ನಳಿಗೆ, ಹೊಗೆಕೊಳವೆ, ಮೇಸ್ತ್ರಿಯ ಕೂಲಿ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ಕೆಟ್ಟುಹೋದದ್ದೆಲ್ಲ ಸೇರಿಸಿದರೆ ನನಗೆ ತಗುಲಿದ್ದು ಮೂವತ್ತೈದರ ಮೇಲೆ, ನಿಮಗೆ ಆ ಹದಿನೈದು ಉಳಿಯಿತು. ಕಟ್ಟಿಗೆಗೆ, ಅದನ್ನು ಕಡಿದು ಒಡೆದು ಸಾಗಿಸುವುದಕ್ಕೆ ವರ್ಷಕ್ಕೆ ಹದಿನಾಲ್ಕು ಹದಿನೈದು ಸಾವಿರ ಹೋಗುತ್ತಿತ್ತು. ಸಿಪ್ಪೆ ಒಣಗಿಸಿ ತುಂಬುವ ಕೂಲಿ ಮೂರು ಸಾವಿರದೊಳಗೆ ಮುಗಿಯುತ್ತದೆ. ಲೆಕ್ಕ ನೀವೇ ಹಾಕಿ.

ಅಳತೆ ತೆಗೆದುಕೊಂಡು ಹೋದ ಇಬ್ಬರಿಗೂ ಹೇಳಿದ್ದು ಇಷ್ಟೇ: ಹುತ್ತದ ಮಣ್ಣನ್ನು ಮಳೆಗಾಲ ಕಳೆದ ಮೇಲೆಯೇ ತನ್ನಿ, ನವರಾತ್ರಿಯೊಳಗೆ ಗೂಡು ಕಟ್ಟಿ ಮುಗಿಸಿ, ಕನಿಷ್ಠ ಮೂರು ವಾರ ನೆರಳಿನಲ್ಲಿ ಒಣಗಲು ಬಿಡಿ. ಮೊದಲ ನಾಲ್ಕು ದಿನ ಬರೀ ಸೋಗೆಯ ಸಣ್ಣ ಉರಿ ಕೊಟ್ಟು, ಆಮೇಲೆ ಹಂಡೆ ಏರಿಸಿ.