ಕೆರೆ-ದಡ, ತಳ್ಯಾತ್-ಮಳ್ಯಾತ್

ಪುಣೆಯ ವಾಕಡ್ ಕಡೆ, ಕಟ್ಟಡ ಕೆಲಸದವರ ಶೆಡ್ಡುಗಳ ನಡುವೆ ನಾನೊಂದು ಬಾಲವಾಡಿ ನಡೆಸುತ್ತೇನೆ. ಮೂರರಿಂದ ಆರು ವರ್ಷದ ಮಕ್ಕಳು. ಜಾಸ್ತಿ ಜನ ಯಾದಗಿರಿ, ಕಲಬುರಗಿ ಕಡೆಯವರು. ಉಳಿದವರು ಲಾತೂರ್, ನಾಂದೇಡ್‌ನವರು. ಇಲ್ಲಿಂದ ಹೆಚ್ಚಿನವರು ಹೋಗುವುದು ಮರಾಠಿ ಶಾಲೆಗೇ.

ಮೊದಲ ವರ್ಷ ನಾನೂ ಪಾಟಿ ಹಿಡಿಸಿದೆ. ಮರಾಠಿಯಲ್ಲಿ ಇಪ್ಪತ್ತರವರೆಗೆ ಬಾಯಿಪಾಠ ಮಾಡಿಸಿದೆ. ಎಲ್ಲರೂ ಗಟ್ಟಿಯಾಗಿ ಒದರುತ್ತಿದ್ದರು, ನನಗೂ ಹೆಮ್ಮೆ. ಒಂದು ದಿನ ಬಾಟಲಿ ಮುಚ್ಚಳಗಳನ್ನು ಸುರಿದು, ಎಲ್ಲರಿಗಿಂತ ಜೋರಾಗಿ ಒದರುವ ಹುಡುಗನಿಗೆ "ಐದು ಕೊಡು" ಅಂದೆ. ಬೊಗಸೆ ತುಂಬ ತಂದು ಸುರಿದ. ಎಣಿಸು ಅಂದರೆ ಬಾಯಿ ಹತ್ತಕ್ಕೆ ಹೋಗಿತ್ತು, ಬೆರಳು ಇನ್ನೂ ಆರನೇ ಮುಚ್ಚಳದ ಮೇಲಿತ್ತು. "ಮೂರು ಕೊಡು" ಅಂದಾಗ ಸರಿಯಾಗಿ ಕೊಟ್ಟ. ನಾಲ್ಕು ಅಂದರೆ ಮತ್ತೆ ಬೊಗಸೆ. ಬಾಯಿಗೆ ಇಪ್ಪತ್ತು ಬರುತ್ತಿತ್ತು, ಕೈಗೆ ಮೂರೇ.

ಅವತ್ತೇ ಪಾಟಿಗಳನ್ನು ಮೇಲಿಟ್ಟೆ. ಊಟದ ಹೊತ್ತಿಗೆ ಲೋಟ ಇಡುವ ಕೆಲಸ ಅವನಿಗೆ ಕೊಟ್ಟೆ, ಕುಳಿತವರಿಗೆಲ್ಲ ಒಂದೊಂದು. ಶುರುವಿನಲ್ಲಿ ಒಂದೊಂದೇ ಲೋಟ ತರಲು ಓಡಾಡುತ್ತಿದ್ದ. ಅನ್ನ ಆರುತ್ತಿತ್ತು, ಮಕ್ಕಳು ಗಲಾಟೆ ಮಾಡುತ್ತಿದ್ದರು, ಆಯಾ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ನಾನು ಸುಮ್ನೆ ಕೂತಿರುತ್ತಿದ್ದೆ. ಮೂರನೇ ವಾರ ಇರಬೇಕು, ಸಾಲಿನ ಮುಂದೆ ನಿಂತ. ಗದ್ದ ಆಡಿಸುತ್ತಾ ಒಬ್ಬೊಬ್ಬರನ್ನೇ ನೋಡಿದ. ಒಳಗೆ ಹೋಗಿ ಏಳು ಲೋಟ ಒಂದೇ ಸಲ ಎದೆಗವಚಿಕೊಂಡು ಬಂದ. ಒಂದೂ ಉಳಿಯಲಿಲ್ಲ.

ಎಣಿಕೆಯನ್ನು ಈಗ ಮನೆಮಾತಿನಲ್ಲೇ ಶುರು ಮಾಡುತ್ತೇನೆ. ಕನ್ನಡದಲ್ಲಿ ಇಪ್ಪತ್ತೊಂದು ಅಂದರೆ ಮೊದಲು ಇಪ್ಪತ್ತು, ಆಮೇಲೆ ಒಂದು, ಬರೆಯುವುದೂ ಹಾಗೇ. ಮರಾಠಿಯ 'ಏಕ್ವೀಸ್'ನಲ್ಲಿ ಒಂದು ಮುಂದೆ ಬರುತ್ತದೆ. ಅದನ್ನು ಕೇಳಿ 12 ಅಂತ ಬರೆಯುವ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. 2019ರಲ್ಲಿ ಇಲ್ಲಿನ ಶಾಲಾ ಪಠ್ಯಪುಸ್ತಕ ತರುವ ಸಂಸ್ಥೆ ಬಾಲಭಾರತಿಯವರು ಎರಡನೇ ತರಗತಿ ಗಣಿತ ಪುಸ್ತಕದಲ್ಲಿ 'ವೀಸ್ ಏಕ್' ಅಂತ ಓದುವ ಕ್ರಮ ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಜಗಳವೇ ಆಯಿತು. ನಮ್ಮ ಯಾದಗಿರಿ ಮಕ್ಕಳಿಗೆ ಅದು ಹುಟ್ಟಿನಿಂದಲೇ ಗೊತ್ತು! ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ ಕನ್ನಡದಲ್ಲಿ ಅರ್ಥ ಮಾಡಿಸಿದ ಮೇಲೆ ಮರಾಠಿ ಹೆಸರು ಹೇಳಿಕೊಟ್ಟರೆ ಗೊಂದಲ ಕಡಿಮೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆರೆ-ದಡ ಆಟ. ಮರಾಠಿ ಮಕ್ಕಳು ಇದನ್ನೇ 'ತಳ್ಯಾತ್-ಮಳ್ಯಾತ್' ಅಂತ ಆಡುತ್ತಾರೆ, ಹಾಗಾಗಿ ಯಾರಿಗೂ ಕಲಿಸಬೇಕಾಗಲಿಲ್ಲ. ಗೆರೆಯ ಆಚೆ ಕೆರೆ, ಈಚೆ ದಡ, ಕೂಗಿದ ಕಡೆಗೆ ಹಾರಬೇಕು. ಕೆರೆಯಲ್ಲಿ ನಿಂತವನಿಗೆ ಮತ್ತೆ "ಕೆರೆ" ಅಂದರೆ ಅಲ್ಲಾಡಬಾರದು. ಕಷ್ಟ ಇರುವುದೇ ಅಲ್ಲಿ. ಕಾಲು ಹಾರಲು ತುದಿಗಾಲಲ್ಲಿ ಇರುತ್ತದೆ, ತಲೆ ತಡೆಯಬೇಕು. ದೊಡ್ಡ ಮಕ್ಕಳಿಗೆ ಉಲ್ಟಾ ಆಡಿಸುತ್ತೇನೆ: ಕೆರೆ ಅಂದರೆ ದಡಕ್ಕೆ. ಮೂರು ವರ್ಷದವರಿಗೆ ಆಗುವುದೇ ಇಲ್ಲ, ಬಿದ್ದು ನಗುತ್ತಾರೆ. ಐದು ದಾಟಿದವರು ತುಟಿ ಕಚ್ಚಿಕೊಂಡು ನಿಲ್ಲುತ್ತಾರೆ. ಒಂದನೇ ತರಗತಿಯಲ್ಲಿ ಸರದಿ ಕಾಯುವುದು, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವುದು ಇದೇ ಅಲ್ವಾ?

ತಂದೆತಾಯಿಗೆ ಇದನ್ನು ಒಪ್ಪಿಸುವುದು ಬೇರೆ ಮಾತು. ಆ ಲೋಟದ ಹುಡುಗನ ತಾಯಿ ಬಂದು, "ಅಕ್ಕೋರ, ಬರೇ ಆಡಸ್ತೀರಿ, ಪಾಟಿ ಮ್ಯಾಲ ಏನೂ ಬರಸಂಗಿಲ್ಲೇನ್ರಿ?" ಅಂದರು. ಊಟದ ಹೊತ್ತಿಗೆ ಕರೆದು ಕೂರಿಸಿದೆ. ಮಗ ಹನ್ನೊಂದು ಲೋಟ ಎಣಿಸಿ ತಂದದ್ದನ್ನು ನೋಡಿದರು. "ಮನ್ಯಾಗ ಒಂದ್ ಕೆಲಸಾನೂ ಮಾಡಂಗಿಲ್ರೀ ಇಂವ" ಅಂತ ನಕ್ಕರು.

ಆದರೂ ಮರುದಿನ ಹೊಸ ಪಾಟಿ ಕೊಂಡು ಅವನ ಚೀಲಕ್ಕೆ ಹಾಕಿಯೇ ಕಳಿಸಿದರು. ನಾನೂ ಬೇಡ ಅನ್ನಲಿಲ್ಲ. ಅವನು ಅದರ ತುಂಬ ಒಂದು ಕ್ರೇನ್ ಬಿಡಿಸಿದ.