ಕೋವಿಯ ಗುಂಡಿಗೆ ತಕ್ಕ ಬಟ್ಟೆಬಿಲ್ಲೆ: ನನ್ನ ಅನುಭವ

ಹೊಳಲ್ಕೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಅಜ್ಜನ ಕಾಲದಿಂದಲೂ ಲೈಸೆನ್ಸ್ ಇರುವ ಕೇಪಿನ (ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿಯ) ಕೋವಿಯೊಂದಿದೆ. ಬೆಳೆ ಕಾಯಲು ರೈತರು ಇಟ್ಟುಕೊಳ್ಳುವ ಕೋವಿಗಳ ನಳಿಕೆ ಸಾಮಾನ್ಯವಾಗಿ ಒಳಗೆ ನುಣುಪಾಗಿರುತ್ತದೆ. ನಮ್ಮದರಲ್ಲಿ ಸುರುಳಿ ತೋಡುಗಳಿವೆ, ಅಂದರೆ ಅದು ಬಾಯಿಯಿಂದ ಮದ್ದು ತುಂಬುವ ರೈಫಲ್. ಇದರಲ್ಲಿ ಸೀಸದ ಗುಂಡನ್ನು ಜಿಡ್ಡು ಹಚ್ಚಿದ ಬಟ್ಟೆಯ ತುಂಡಿನಲ್ಲಿ, ಅಂದರೆ ಬಟ್ಟೆಬಿಲ್ಲೆಯಲ್ಲಿ, ಸುತ್ತಿ ನಳಿಕೆಗೆ ಇಳಿಸುತ್ತೇವೆ; ಗುಂಡಿಗೂ ನಳಿಕೆಗೂ ನಡುವಿನ ಸಂದನ್ನು ಮುಚ್ಚುವ ಆ ಬಿಲ್ಲೆ, ಗುಂಡು ಹಾರಿದಾಗ ಹೊರಬಂದು ಮುಂದೆ ಬೀಳುತ್ತದೆ. ಲೈಸೆನ್ಸ್ ನನ್ನ ಹೆಸರಿಗೆ ಬಂದ ಮೇಲೆ ಅದನ್ನು ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆ ಮಾತ್ರ ಬಳಸುತ್ತಿದ್ದೇನೆ.

ಮೊದಲ ಮೂರು ತಿಂಗಳು 50 ಮೀಟರ್ ದೂರದ ಗುರಿಹಲಗೆಯಲ್ಲಿ ನನ್ನ ಐದು ಗುಂಡುಗಳು ಒಂದು ಗೇಣಿಗಿಂತ ಹೆಚ್ಚು ಚೆದುರುತ್ತಿದ್ದವು. ಮದ್ದಿನ ಅಳತೆ ಬದಲಿಸಿದೆ, ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿದೆ. ಆಗ ರೇಂಜಿಗೆ ಬರುತ್ತಿದ್ದ ಹಿರಿಯರೊಬ್ಬರು, "ಗುಂಡು ಎಲ್ಲಿ ಬಿತ್ತು ಅಂತ ಆಮೇಲೆ ನೋಡಪ್ಪ, ಬಟ್ಟೆ ಎಲ್ಲಿ ಬಿತ್ತು, ಹೆಂಗಾಗಿದೆ ನೋಡು" ಎಂದರು. ಎಲ್ಲರೂ ಗುಂಡು ಹಾರಿಸುವುದನ್ನು ನಿಲ್ಲಿಸಿದ ಮೇಲೆ ನಳಿಕೆಯ ಮುಂದೆ ಏಳೆಂಟು ಮೀಟರ್ ನಡೆದು ಹುಡುಕಿದೆ. ನಾಲ್ಕು ಬಿಲ್ಲೆಗಳು ಸಿಕ್ಕವು. ಗುಂಡಿನ ತಳ ಕೂರುವ ನಡುಭಾಗ ಬೂದುಬಣ್ಣಕ್ಕೆ ತಿರುಗಿದ್ದರೂ ಗಟ್ಟಿಯಾಗಿಯೇ ಇತ್ತು. ಅದರ ಸುತ್ತ, ಗುಂಡಿನ ಪಕ್ಕಕ್ಕೆ ಒತ್ತಿಕೊಳ್ಳುವ ಜಾಗದಲ್ಲಿ, ಬಳೆಯಾಕಾರದಲ್ಲಿ ಸಣ್ಣ ಸಣ್ಣ ತೂತುಗಳು ಸುಟ್ಟು ಬಿದ್ದಿದ್ದವು. ಉರಿಗಾಳಿ ತೋಡುಗಳ ಮೂಲಕ ಗುಂಡನ್ನು ದಾಟಿ ಮುಂದೆ ನುಗ್ಗುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ. ನಾನು ಬಳಸುತ್ತಿದ್ದುದು ಹಳೆಯ ಪಂಚೆಯ ಬಟ್ಟೆ.

ದಾವಣಗೆರೆಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರುವ ಸ್ನೇಹಿತರ ಮೈಕ್ರೋಮೀಟರಿನಲ್ಲಿ ಎಲ್ಲವನ್ನೂ ಅಳೆದಾಗ ಲೆಕ್ಕ ತಿಳಿಯಾಯಿತು. ನಳಿಕೆಯಲ್ಲಿ ಏಣಿನಿಂದ (ತೋಡುಗಳ ನಡುವಿನ ಉಬ್ಬುಗೆರೆಯಿಂದ) ಎದುರಿನ ಏಣಿಗೆ 12.70 ಮಿ.ಮೀ., ಗುಂಡಿನ ವ್ಯಾಸ 12.45 ಮಿ.ಮೀ.; ಆದ್ದರಿಂದ ಏಣುಗಳ ಬಳಿ ಪ್ರತಿ ಬದಿಗೆ ಉಳಿಯುವ ಸಂದು ಸುಮಾರು 0.125 ಮಿ.ಮೀ. ಮಾತ್ರ. ಇದನ್ನಷ್ಟೇ ನೋಡಿದರೆ 0.25 ಮಿ.ಮೀ. ದಪ್ಪದ ಪಂಚೆ ಬೇಕಾದಷ್ಟಾಯಿತು ಎನಿಸುತ್ತದೆ. ಆದರೆ ತೋಡಿನ ಆಳ ಇನ್ನೂ 0.25 ಮಿ.ಮೀ. ಇದೆ, ಅಲ್ಲಿ ಸಂದು 0.375 ಮಿ.ಮೀ. ಆಗುತ್ತದೆ. ಪಂಚೆಯ ಬಟ್ಟೆ ತೋಡಿನ ತಳವನ್ನು ಮುಟ್ಟುತ್ತಲೇ ಇರಲಿಲ್ಲ. ಬಿಲ್ಲೆಯ ದಪ್ಪ ನಿರ್ಧಾರವಾಗಬೇಕಾದದ್ದು ತೋಡಿನ ಆಳದಿಂದ. ಏಣಿನ ಬಳಿ ಬಟ್ಟೆ ಹಿಂಡಿಕೊಳ್ಳುತ್ತದೆ, ಮೆತ್ತಗಿನ ಶುದ್ಧ ಸೀಸವೂ ಅಲ್ಲಿ ತುಸು ಜಗ್ಗಿ ನೇಯ್ಗೆಯ ಎಳೆಗಳ ಅಚ್ಚನ್ನು ತನ್ನ ಮೈಮೇಲೆ ಪಡೆಯುತ್ತದೆ.

ಬಟ್ಟೆಗೆ ದಾವಣಗೆರೆಯಲ್ಲಿ ಬರವಿಲ್ಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಇದು. ಚೌಕಿಪೇಟೆಯಲ್ಲಿ ಮಂಜರಪಾಟು, ಹಾಸಿಗೆ ಹೊಲಿಯುವ ಪಟ್ಟೆ ಬಟ್ಟೆ ಮತ್ತು ಜೀನ್ಸ್ ಬಟ್ಟೆಯನ್ನು ಅರ್ಧರ್ಧ ಮೀಟರ್ ಕೊಂಡೆ. ನೂರಕ್ಕೆ ನೂರು ಹತ್ತಿಯೇ ಇರಬೇಕು, ಪಾಲಿಯೆಸ್ಟರ್ ಬೆರೆತಿದ್ದರೆ ಬಿಸಿಗೆ ಕರಗಿ ನಳಿಕೆಗೆ ಅಂಟುತ್ತದೆ; ಒಂದೆಳೆ ಕಿತ್ತು ಸುಟ್ಟರೆ ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗಂಟುಕಟ್ಟುತ್ತದೆ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ಎರಡು ಸಲ ಒಗೆದು ಒಣಗಿಸಿದ ಮೇಲೆಯೇ ಅಳೆದೆ. ಮೈಕ್ರೋಮೀಟರನ್ನು ಬಿಗಿಹಿಡಿದು ತಿರುಗಿಸಿದರೆ ಬಟ್ಟೆ ಅಮುಕಿ ಸುಳ್ಳು ಲೆಕ್ಕ ಬರುತ್ತದೆ, ಆದ್ದರಿಂದ ಪ್ರತಿಸಲವೂ ಅದರ ರ್‍ಯಾಚೆಟ್ ಕಟಕಟ ಎನ್ನುವವರೆಗೆ ಮಾತ್ರ ತಿರುಗಿಸಬೇಕು. ಮಂಜರಪಾಟು 0.38, ಪಟ್ಟೆ ಬಟ್ಟೆ 0.45, ಜೀನ್ಸ್ 0.60 ಮಿ.ಮೀ. ಬಂದವು.

ಜೀನ್ಸ್ ಬಟ್ಟೆಯನ್ನು ಒಂದೇ ದಿನಕ್ಕೆ ಕೈಬಿಟ್ಟೆ. ಗುಂಡನ್ನು ನಳಿಕೆಯ ಬಾಯಿಗೆ ಇಳಿಸಲು ಕೊಡತಿಯಿಂದ ಬಡಿಯಬೇಕಾಯಿತು, ಅಷ್ಟರಲ್ಲಿ ಅದರ ತಲೆ ಚಪ್ಪಟೆಯಾಗಿತ್ತು, ಗುಂಡನ್ನು ಒಳಗೆ ತಳ್ಳುವ ಉದ್ದ ಕೋಲಾದ ಗಜವೂ ಬಾಗಿತು. ಇಂಥ ಬಿಗಿಯಲ್ಲಿ ಗುಂಡು ಮದ್ದಿನ ಮೇಲೆ ಪೂರ್ತಿ ಕೂರದೆ ನಡುವೆಯೇ ನಿಲ್ಲುವ ಅಪಾಯವಿದೆ, ನಡುವೆ ಜಾಗ ಉಳಿದರೆ ನಳಿಕೆಯೇ ಉಬ್ಬಬಹುದು ಅಥವಾ ಒಡೆಯಬಹುದು. ಗುಂಡು ಸರಿಯಾಗಿ ಕೂತಾಗ ಗಜ ನಳಿಕೆಯ ಬಾಯಿಗೆ ಎಷ್ಟು ಬರುತ್ತದೆಂದು ಗೀರು ಹಾಕಿಟ್ಟಿದ್ದೇನೆ. ಆ ಗೀರು ಬಾಯಿಗೆ ಬರದೆ ಕೇಪು ಹಾಕುವುದಿಲ್ಲ.

ಮಂಜರಪಾಟಿನಲ್ಲಿ ತೂತುಗಳು ನಿಂತವು, ಆದರೆ ತೋಡು ಕೂರುವ ಕಡೆ ಬಟ್ಟೆ ಇನ್ನೂ ಕಂದುತ್ತಿತ್ತು. ಪಟ್ಟೆ ಬಟ್ಟೆಯನ್ನು ಹರಳೆಣ್ಣೆ ಮತ್ತು ಜೇನುಮೇಣ ಕರಗಿಸಿದ ಜಿಡ್ಡಿನಲ್ಲಿ ಹದವಾಗಿ ನೆನೆಸಿ ಹಾಕಿದಾಗ ಹೆಬ್ಬೆರಳ ಒತ್ತಿಗೆ ಗುಂಡು ಇಳಿಯಲಿಲ್ಲ, ಆದರೆ ಮೋಟು ಕೋಲಿನ ಒಂದೇ ಹೊಡೆತಕ್ಕೆ ಬಾಯಿ ದಾಟಿ, ಆಮೇಲೆ ಗಜದ ಸಮನಾದ ತಳ್ಳಿಗೆ ಸಲೀಸಾಗಿ ತಳ ಸೇರಿತು. ಹೆಕ್ಕಿ ತಂದ ಬಿಲ್ಲೆಗಳ ಅಂಚು ಮಾತ್ರ ಬಿಚ್ಚಿಕೊಂಡಿತ್ತು, ಏಣುಗಳ ಗುರುತು ಸೂರ್ಯನ ಕಿರಣಗಳಂತೆ ಸುತ್ತಲೂ ಮೂಡಿತ್ತು, ಎಲ್ಲಿಯೂ ತೂತಿರಲಿಲ್ಲ. ಐದು ಗುಂಡುಗಳು ಅಂಗೈಯಲ್ಲಿ ಮುಚ್ಚುವಷ್ಟು ಜಾಗಕ್ಕೆ ಬಂದವು. ಈ ಸಲ ಮದ್ದಿನ ಅಳತೆಯನ್ನು ನಾನು ಮುಟ್ಟಿರಲಿಲ್ಲ.

ನಮ್ಮ ಸೀಮೆಯ ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬಿಲ್ಲೆ ಕೆಲವೊಮ್ಮೆ ಕೆಂಡ ಹಿಡಿದೇ ಬೀಳುತ್ತದೆ, ಒಣಹುಲ್ಲಿಗೆ ಅಷ್ಟೇ ಸಾಕು. ನಾನು ಮುಂದಿನ ನೆಲವನ್ನು ತೋಯಿಸಿ, ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡೇ ಆರಂಭಿಸುತ್ತೇನೆ. ಕಳೆದ ಸಲ ಅದೇ ಅಂಗಡಿಯಲ್ಲಿ, ಅದೇ ಪಟ್ಟೆಯ ಬಟ್ಟೆ ತಂದಾಗ ಅಳತೆ 0.40 ಬಂತು, ಅದನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ ಅಂಕಿ ಬರೆದಿಟ್ಟಿದ್ದೇನೆ.